ಪಂಚ್ ಮಾಡ್ತೀವಿ ಸರಿ, ತೂತು ಎಲ್ಲಿದೆ?

"ಪಂಚ್ ಆಯ್ತಾ?"

ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ಪೀಣ್ಯದ ಕಡೆಯ ಯಾವ ಕಾರ್ಖಾನೆಯ ಗೇಟಿನ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಇದು. ಐಟಿ ಕಂಪನಿ, ಗಾರ್ಮೆಂಟ್ಸ್, ಆಸ್ಪತ್ರೆ, ತಾಲ್ಲೂಕು ಕಚೇರಿ, ಎಲ್ಲೇ ಹೋದರೂ ಹಾಜರಿಗೆ ಹೆಸರು ಒಂದೇ, ಪಂಚ್. ಕನ್ನಡ ಇದನ್ನು ಎಷ್ಟು ಚೆನ್ನಾಗಿ ಪಳಗಿಸಿಕೊಂಡಿದೆ ಅಂದರೆ, ಹಿಂದೆ ಬರುವ ಕ್ರಿಯಾಪದ ನೋಡಿಯೇ ತಪ್ಪು ಯಾರ ತಲೆಗೆ ಹೋಗುತ್ತಿದೆ ಅಂತ ಹೇಳಬಹುದು. ಪಂಚ್ ಮಾಡುವವನು, ಹೊಡೆಯುವವನು, ಹಾಕುವವನು ಮನುಷ್ಯ. ಆದರೆ ಪಂಚ್ 'ಬೀಳುವುದು' ಯಂತ್ರದಲ್ಲಿ. "ನಾನು ಪಂಚ್ ಮಾಡಿಲ್ಲ" ಅಂದರೆ ತಪ್ಪೊಪ್ಪಿಗೆ. "ಪಂಚ್ ಬಿದ್ದಿಲ್ಲ ಸಾರ್" ಅಂದರೆ ತಪ್ಪು ಯಂತ್ರದ್ದು. ತಿಂಗಳ ಕೊನೆಯಲ್ಲಿ ಹಾಜರಿ ಲೆಕ್ಕ ನೋಡುವ ಟೈಂ ಆಫೀಸಿಗೆ ಬರುವವರ ಬಾಯಲ್ಲಿ ಮೊದಲನೆಯ ಮಾತು ಕೇಳಿಸುವುದು ಬಹಳ ಅಪರೂಪ.

ಆದರೆ ಪಂಚ್ ಅಂದರೆ ತೂತು ಮಾಡುವುದು ತಾನೆ? ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮಷಿನ್ ಪ್ರತಿ ಗುಮಾಸ್ತರ ಮೇಜಿನ ಮೇಲೂ ಇದೆ. ಬೆರಳು ಒತ್ತುವಾಗ, ಕಾರ್ಡ್ ತೋರಿಸುವಾಗ, ಮುಖ ಒಡ್ಡುವಾಗ ಎಲ್ಲಿಯೂ ತೂತು ಬೀಳುವುದಿಲ್ಲ. ಹಿಂದೆ ಬೀಳುತ್ತಿತ್ತು, ಯಂತ್ರ ಬದಲಾಗಿ ಹೆಸರು ಮಾತ್ರ ಉಳಿಯಿತು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ನಿಜವಲ್ಲ. ಈ ಮಾತು ಹುಟ್ಟಿದ ಕಾಲದ ಹೆಸರಾಂತ ಯಂತ್ರಗಳೂ ಕಾರ್ಡಿಗೆ ತೂತು ಹಾಕುತ್ತಿರಲಿಲ್ಲ. ಅವು ಮುದ್ರೆ ಒತ್ತುತ್ತಿದ್ದವು.

ಇಂಗ್ಲಿಷಿನಲ್ಲಿ ಪಂಚ್ ಎಂಬ ಪದಕ್ಕೆ ಹಲವು ಮುಖಗಳಿವೆ. ತೂತು ಕೊರೆಯುವ ಸಾಧನ ಒಂದು. ಗುದ್ದುವುದು, ತಿವಿಯುವುದು, ಒತ್ತುವುದು ಇನ್ನೊಂದು. ದನ ಅಟ್ಟುವವನನ್ನು ಅಮೆರಿಕದಲ್ಲಿ 'ಕೌಪಂಚರ್' ಅನ್ನುವುದು ಈ ಎರಡನೆಯ ಅರ್ಥದಿಂದ. ಟೈಪ್‌ರೈಟರಿನ ಕೀಲಿ ಒತ್ತುವುದೂ ಅವರಿಗೆ ಪಂಚ್ ಮಾಡುವುದೇ. ಗಡಿಯಾರವನ್ನು ಪಂಚ್ ಮಾಡುವುದು ಅಂದರೆ ಅದರ ಸನ್ನೆಯನ್ನೋ (ಲಿವರ್) ಗುಂಡಿಯನ್ನೋ ಗುದ್ದಿ ಒತ್ತುವುದು. ತೂತಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. (ಮೂರನೆಯ ಪಂಚ್ ಒಂದಿದೆ, ಕುಡಿಯುವ ಪಾನೀಯ. ಐದು ಪದಾರ್ಥ ಸೇರಿಸಿ ಮಾಡುತ್ತಿದ್ದರಿಂದ ನಮ್ಮ 'ಪಂಚ'ದಿಂದಲೇ ಆ ಹೆಸರು ಬಂತು ಎಂದು ನಿಘಂಟುಗಳು ಹೇಳುತ್ತವೆ. ಹಾಜರಿಗೂ ಪಂಚಾಮೃತಕ್ಕೂ ನಂಟು ಹುಡುಕಲು ಹೋಗಬೇಡಿ.)

ಬ್ರಿಟನ್ನಿನವರು ಪಂಚ್ ಅನ್ನುವುದು ಕಡಿಮೆ, ಅವರದು 'ಕ್ಲಾಕ್ ಇನ್', 'ಕ್ಲಾಕ್ ಆನ್'. ಇನ್ನೂರು ವರ್ಷ ಬ್ರಿಟಿಷ್ ಇಂಗ್ಲಿಷಿನ ಕೆಳಗಿದ್ದ ನಮ್ಮ ನಾಲಿಗೆಗೆ ಈ ಒಂದು ವಿಷಯದಲ್ಲಿ ಅಮೆರಿಕದ ಮಾತು ಹತ್ತಿತು. ಅದಕ್ಕೂ ಮುಂಚೆ ನಮ್ಮಲ್ಲಿದ್ದದ್ದು ಹಾಜರಿ, ಅರಬ್ಬಿಯಿಂದ ಪಾರಸಿ, ಉರ್ದು ಹಾದು ಬಂದ ಪದ. ಜೊತೆಗೇ ಬಂದದ್ದು ಗೈರು. ಇನ್ನೊಂದು ಮಸ್ಟರು, ಸೈನ್ಯದ ಮಾತು. ತೋರಿಸು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಅಂದರೆ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿ ತೋರಿಸುವುದು. ಸಂಬಳ ತಲೆ ಲೆಕ್ಕದ ಮೇಲೆ ಇದ್ದದ್ದರಿಂದ ಇಲ್ಲದ ತಲೆಗಳನ್ನು ಸೇರಿಸಿ ದುಡ್ಡು ಎತ್ತುವ ಕಲೆಯೂ ಮಸ್ಟರಿನ ಜೊತೆಯಲ್ಲೇ ಬೆಳೆಯಿತು. ಎನ್‌ಎಂಆರ್ ಎಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಮೂರಕ್ಷರದಲ್ಲಿ ಕೊನೆಯ ಎರಡು ಈ ಮಸ್ಟರ್ ರೋಲೇ, ಅಂದರೆ ಹಾಜರಿ ಪಟ್ಟಿ.

ಕಾರ್ಖಾನೆಗಳಲ್ಲಿ ಮಸ್ಟರು ಸಾಲದೇ ಹೋದದ್ದು ಜನ ಜಾಸ್ತಿಯಾದಾಗ. ಐನೂರು ಜನರ ಹೆಸರು ಕೂಗುತ್ತಾ ಕೂತರೆ ಪಾಳಿ ಶುರುವಾಗುವುದು ಯಾವಾಗ? ಅದಕ್ಕೆ ಬಂದದ್ದು ನಂಬರಿನ ಬಿಲ್ಲೆ, ಅಂದರೆ ಟೋಕನ್. ಗೇಟಿನ ಹಲಗೆಯ ಮೇಲೆ ಮೊಳೆಗೆ ನೇತು ಹಾಕಿದ ಹಿತ್ತಾಳೆ ಬಿಲ್ಲೆ. ಕೆಲಸಗಾರ ತನ್ನ ನಂಬರಿನದನ್ನು ತೆಗೆದು ಪೆಟ್ಟಿಗೆಗೆ ಹಾಕಿ ಒಳಗೆ ಹೋಗಬೇಕು. ಹೊತ್ತಾದೊಡನೆ ಟೈಂಕೀಪರ್ ಪೆಟ್ಟಿಗೆ ಮುಚ್ಚುತ್ತಾನೆ. ಹಲಗೆಯಲ್ಲಿ ಉಳಿದ ಬಿಲ್ಲೆ ಅಷ್ಟೂ ಗೈರು. ಸರಳ, ಅಗ್ಗ, ಆದರೆ ಬಿಲ್ಲೆಗೆ ಸಮಯ ಗೊತ್ತಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚೆ ಬಂದವನೋ ಅಲ್ಲವೋ, ಅದಿಷ್ಟೇ ಅದಕ್ಕೆ ತಿಳಿಯುವುದು. ಮೇಲಾಗಿ ಪೆಟ್ಟಿಗೆ ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬುದು ಟೈಂಕೀಪರನ ದಯೆ. ಗೇಟಿನ ಆ ಗೂಡಿನೊಳಗೆ ಕೂತವನ ಜೊತೆ ಚೆನ್ನಾಗಿರುವುದು ಒಂದು ಕಾಲಕ್ಕೆ ಸೂಪರ್‌ವೈಸರ್ ಜೊತೆ ಚೆನ್ನಾಗಿರುವುದಕ್ಕಿಂತ ಮುಖ್ಯವಾಗಿತ್ತು.

ಸಮಯವನ್ನು ಯಂತ್ರವೇ ಬರೆದುಕೊಳ್ಳಲಿ ಎಂಬ ಯೋಚನೆ ಮೊದಲು ಬಂದದ್ದು ರಾತ್ರಿ ಕಾವಲುಗಾರರ ವಿಷಯದಲ್ಲಿ. ಇಂಗ್ಲೆಂಡಿನ ಡರ್ಬಿಯ ಗಡಿಯಾರ ಕುಶಲಕರ್ಮಿ ಜಾನ್ ವೈಟ್‌ಹರ್ಸ್ಟ್ 18ನೇ ಶತಮಾನದ ನಡುಭಾಗದಲ್ಲಿ ಇಂಥ ಗಡಿಯಾರ ಮಾಡುತ್ತಿದ್ದ. ಸುತ್ತುವ ಮುಖಫಲಕದ ಅಂಚಿಗೆ ಸಣ್ಣ ಸಣ್ಣ ಗೂಟ. ಕಾವಲುಗಾರ ಸುತ್ತು ಹೊಡೆದು ಬಂದಾಗಲೆಲ್ಲ ಆ ಹೊತ್ತಿಗೆ ಸರಿಯಾಗಿ ಸನ್ನೆಯ ಎದುರಿರುವ ಗೂಟವನ್ನು ಒತ್ತಬೇಕು. ನಿದ್ದೆ ಹೋದರೆ ಆ ಗೂಟ ಮುಂದೆ ಸರಿದುಬಿಡುತ್ತದೆ, ಆಮೇಲೆ ಒತ್ತಲು ಸಿಗುವುದಿಲ್ಲ. ಬೆಳಗ್ಗೆ ಮೇಲೆ ಉಳಿದ ಗೂಟಗಳನ್ನು ಎಣಿಸಿದರೆ ಎಷ್ಟು ಹೊತ್ತು ಗೊರಕೆ ಹೊಡೆದ ಎಂಬ ಲೆಕ್ಕ ಸಿಕ್ಕಿತು.

ಎಲ್ಲ ಕೆಲಸಗಾರರಿಗೂ ಆಗುವಂಥ ಯಂತ್ರಗಳು ಬಂದದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ ಮೂರು ಬಗೆ. ಆಬರ್ನ್ ಊರಿನ ಆಭರಣ ವ್ಯಾಪಾರಿ ವಿಲ್ಲರ್ಡ್ ಬಂಡಿಯದು ಕೀಲಿಕೈ ಗಡಿಯಾರ. 1889ರಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲಿ ಅಣ್ಣತಮ್ಮಂದಿರ ಕಂಪನಿ ಶುರುವಾಯಿತು, 1890ರಲ್ಲಿ ಪೇಟೆಂಟ್ ಸಿಕ್ಕಿತು. ಪ್ರತಿಯೊಬ್ಬನಿಗೂ ನಂಬರು ಕೊರೆದ ಒಂದು ಕೀಲಿಕೈ. ಯಂತ್ರಕ್ಕೆ ತೂರಿಸಿ ತಿರುಗಿಸಿದರೆ ಕಾಗದದ ಪಟ್ಟಿಯ ಮೇಲೆ ನಂಬರೂ ಸಮಯವೂ ಅಚ್ಚಾಗುತ್ತದೆ. ಇದರ ತೊಂದರೆ ಗುಮಾಸ್ತನಿಗೆ. ಪಟ್ಟಿಯಲ್ಲಿ ನಂಬರುಗಳು ಜನ ಬಂದ ಕ್ರಮದಲ್ಲಿ ಇರುತ್ತವೆ, ಸಂಬಳ ಕೊಡಬೇಕಾದದ್ದು ನಂಬರಿನ ಕ್ರಮದಲ್ಲಿ. ವಾರದ ಪಟ್ಟಿಯನ್ನೆಲ್ಲ ಬಿಚ್ಚಿ 47ನೇ ನಂಬರಿನವನ ಹನ್ನೆರಡು ಸಾಲುಗಳನ್ನು ಹೆಕ್ಕಬೇಕು, ಆಮೇಲೆ 48, ಆಮೇಲೆ 49.

ಅಲೆಕ್ಸಾಂಡರ್ ಡೇ ಎಂಬಾತನ ಯಂತ್ರ ಅದನ್ನು ಬೇರೆ ಥರ ಬಿಡಿಸಿತು. ಗಡಿಯಾರದ ಮುಂದೆ ಗಾಡಿಚಕ್ರದಂಥ ದೊಡ್ಡ ಕಬ್ಬಿಣದ ಬಳೆ, ಅದರ ಸುತ್ತ ನಂಬರು ಹಾಕಿದ ತೂತುಗಳು. ನಡುವಿನಿಂದ ಚಾಚಿದ ತೋಳನ್ನು ತನ್ನ ನಂಬರಿಗೆ ತಿರುಗಿಸಿ, ತುದಿಯ ಮೊಳೆಯನ್ನು ತೂತಿನೊಳಗೆ ಒತ್ತಬೇಕು. ಒಳಗಿನ ಹಾಳೆಯಲ್ಲಿ ಆ ನಂಬರಿನ ಸಾಲಿನಲ್ಲೇ ಸಮಯ ಮೂಡುತ್ತದೆ. ಹಾಜರಿ ಗಡಿಯಾರದಲ್ಲಿ ತೂತು ಹುಡುಕುವವರಿಗೆ ಇಗೋ ತೂತು. ಇದ್ದದ್ದು ಯಂತ್ರದಲ್ಲಿ, ಕಾಗದದಲ್ಲಿ ಅಲ್ಲ. ಒತ್ತುವುದು ಎಂಬ ಅರ್ಥದ ಪಂಚ್‌ಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗಲಾರದು.

ಮೂರನೆಯದು ರಾಚೆಸ್ಟರ್‌ನ ಡೇನಿಯಲ್ ಕೂಪರ್ 1894ರಲ್ಲಿ ರೂಪಿಸಿದ ಕಾರ್ಡ್ ಗಡಿಯಾರ. ಮುಂದಿನ ನೂರು ವರ್ಷ ಆಳಿದ್ದು ಇದೇ. ಒಬ್ಬನಿಗೆ ಒಂದು ಕಾರ್ಡ್, ಕಾರ್ಡಿನಲ್ಲಿ ಇಡೀ ವಾರ. ಹೆಕ್ಕುವ ಕೆಲಸವೇ ಇಲ್ಲ.

ಈ ಯಂತ್ರದ ಒಳಗೆ ಇಣುಕಿ ನೋಡುವುದು ಲಾಭ, ಏಕೆಂದರೆ ಇವತ್ತಿನ ಸಾಫ್ಟ್‌ವೇರ್ ಎಡವುವ ಜಾಗಗಳೆಲ್ಲ ಇದರಲ್ಲೇ ಇವೆ. ಗಡಿಯಾರದ ಎರಡು ಬದಿಗೆ ಎರಡು ಗೂಡುಪಟ್ಟಿ, ಒಂದು 'ಔಟ್', ಒಂದು 'ಇನ್'. ಬೆಳಗ್ಗೆ ಔಟ್ ಕಡೆಯಿಂದ ಕಾರ್ಡ್ ತೆಗೆದು ಗಡಿಯಾರದ ಬಾಯಿಗೆ ಇಳಿಸಿ, ಒತ್ತಿ, ಇನ್ ಕಡೆಗೆ ಇಡಬೇಕು. ಯಾರು ಬಂದಿಲ್ಲ ಎಂದು ತಿಳಿಯಲು ಔಟ್ ಪಟ್ಟಿಯ ಮೇಲೊಂದು ಕಣ್ಣು ಹಾಯಿಸಿದರೆ ಸಾಕು. ಕಾರ್ಡ್ ಇಳಿಯುವ ಬಾಯಿಯ ತಳದಲ್ಲಿ ಒಂದು ತಡೆ ಇದೆ. ದಿನ ಕಳೆದಂತೆ ಅದು ಒಂದು ಸಾಲಿನಷ್ಟು ಸರಿಯುತ್ತದೆ. ಹಾಗಾಗಿ ಸೋಮವಾರದ ಮುದ್ರೆ ಸೋಮವಾರದ ಸಾಲಿಗೆ, ಮಂಗಳವಾರದ್ದು ಮಂಗಳವಾರಕ್ಕೆ. ಬೆಳಗ್ಗೆ-ಮಧ್ಯಾಹ್ನ, ಒಳಗೆ-ಹೊರಗೆ ಎಂಬ ಕಂಬಸಾಲುಗಳಿಗೆ ಕಾರ್ಡನ್ನು ಅಡ್ಡಕ್ಕೆ ಸರಿಸಲು ಒಂದು ಸನ್ನೆ. ಒಳಗೆ ಗಂಟೆಗೊಂದು, ನಿಮಿಷಕ್ಕೊಂದು ಅಂಕಿ ಗಾಲಿ. ಅವುಗಳ ಮುಂದೆ ಶಾಯಿ ರಿಬ್ಬನ್. ಒತ್ತಿದಾಗ ಸುತ್ತಿಗೆ ಬಂದು ಕಾರ್ಡನ್ನು ರಿಬ್ಬನ್ನಿನ ಸಮೇತ ಗಾಲಿಗೆ ಬಡಿಯುತ್ತದೆ. 'ಢಕ್' ಎಂಬ ಆ ಸದ್ದಿಗೆ ಪಂಚ್ ಎಂಬ ಹೆಸರು ಹೊಂದದೇ ಇರುತ್ತದೆಯೇ?

ರಿಬ್ಬನ್ನಿನಲ್ಲಿ ಎರಡು ಬಣ್ಣ, ಮೇಲರ್ಧ ಕಪ್ಪೋ ನೀಲಿಯೋ, ಕೆಳಗರ್ಧ ಕೆಂಪು. ಪಾಳಿ ಶುರುವಾದ ನಿಮಿಷ ದಾಟಿತೋ, ಒಳಗಿನ ತಿರುಗುಹಲ್ಲು ರಿಬ್ಬನ್ನನ್ನು ಎತ್ತಿ ಕೆಂಪು ಭಾಗವನ್ನು ಮುಂದೆ ತರುತ್ತದೆ. 8 ಗಂಟೆಗೆ ಬರಬೇಕಾದವನ 8.01 ಕೆಂಪಾಗಿ ಮೂಡುತ್ತದೆ. ಹೊತ್ತಿಗೆ ಮುಂಚೆ ಹೊರಟರೂ ಅಷ್ಟೇ. ಗುಮಾಸ್ತ ಅಂಕಿ ಓದುವುದೇ ಬೇಡ, ಕೆಂಪು ಎಣಿಸಿದರೆ ಸಾಕು. ಇಂದಿನ ವರದಿಗಳಲ್ಲಿ ಲೇಟ್ ಮಾರ್ಕಿಗೆ ಕೆಂಪು ಬಳಿಯುವುದು ಈ ರಿಬ್ಬನ್ನನ್ನು ನೆನಪಿಸುತ್ತದೆ.

ಕೆಡುವುದೂ ಹೀಗೆಯೇ. ಕಾರ್ಡನ್ನು ತಳದ ತಡೆಗೆ ತಾಗುವವರೆಗೆ ಇಳಿಸದೇ ಹೊಡೆದರೆ ಮುದ್ರೆ ಬೇರೆ ದಿನದ ಸಾಲಿಗೆ ಬೀಳುತ್ತದೆ. ತಿಂಗಳನ್ನು ಎರಡು ಬದಿಗೆ ಹಂಚಿದ ಕಾರ್ಡಿನಲ್ಲಿ, ಮುಂದೆ 1ರಿಂದ 15, ಹಿಂದೆ 16ರಿಂದ 31, ಹದಿನಾರನೇ ತಾರೀಖು ತಿರುಗಿಸಲು ಮರೆತವರ ಮುದ್ರೆ ಒಂದನೇ ತಾರೀಖಿನ ಮೇಲೆ ಕೂತು ಎರಡೂ ಓದಲಾಗದಂತೆ ಆಗುತ್ತದೆ. ರಿಬ್ಬನ್ ಒಣಗಿದರೆ 3, 8 ಒಂದೇ. ಇಂಥದ್ದಕ್ಕೆಲ್ಲ ಟೈಂಕೀಪರನ ಪೆನ್ನಿನ ತಿದ್ದುಪಡಿ, ಪಕ್ಕದಲ್ಲಿ ಕಿರುಸಹಿ. ಮತ್ತೆ ಅದೇ ದಯೆ.

ಈ ಕಂಪನಿಗಳ ಕಥೆ ಮುಂದೆ ಒಂದು ತಮಾಷೆಯ ತಿರುವಿಗೆ ಬರುತ್ತದೆ. ಬಂಡಿ, ರಾಚೆಸ್ಟರ್ ಕಂಪನಿಗಳು 1900ರಲ್ಲಿ ಇಂಟರ್‌ನ್ಯಾಷನಲ್ ಟೈಮ್ ರೆಕಾರ್ಡಿಂಗ್ ಕಂಪನಿಗೆ ಸೇರಿದವು, ಡೇ ಕಂಪನಿ 1907ರಲ್ಲಿ. 1911ರಲ್ಲಿ ಅದು ಹರ್ಮನ್ ಹಾಲೆರಿತ್‌ನ ಕಂಪನಿಯ ಜೊತೆ ಬೆಸೆದುಕೊಂಡಿತು. ಜನಗಣತಿಯ ಲೆಕ್ಕಕ್ಕೆ ಕಾರ್ಡಿಗೆ ನಿಜವಾಗಿಯೂ ತೂತು ಹಾಕಿ ಎಣಿಸುವ ಯಂತ್ರ ಕಟ್ಟಿದವನು ಈತ. ಹೀಗೆ ತೂತಿನ ಪಂಚ್ ಮತ್ತು ಒತ್ತಿನ ಪಂಚ್ ಒಂದೇ ಸೂರಿನಡಿ ಬಂದವು. ಆ ಸೂರಿಗೆ 1924ರಲ್ಲಿ ಇಟ್ಟ ಹೊಸ ಹೆಸರು ಐಬಿಎಂ. ಕಂಪ್ಯೂಟರಿಗೆ ಹೆಸರಾದ ಕಂಪನಿ ದಶಕಗಳ ಕಾಲ ಕಾರ್ಖಾನೆ ಗೋಡೆಗಳಿಗೆ ಹಾಜರಿ ಗಡಿಯಾರ ಮಾರುತ್ತಿತ್ತು, 1958ರಲ್ಲಿ ಆ ವಿಭಾಗವನ್ನು ಸಿಂಪ್ಲೆಕ್ಸ್ ಕಂಪನಿಗೆ ಕೊಟ್ಟು ಕೈ ತೊಳೆದುಕೊಂಡಿತು.

ಬಂಡಿಯ ಹೆಸರಿನಿಂದಲೇ ಆಸ್ಟ್ರೇಲಿಯದಲ್ಲಿ ಇನ್ನೂ 'ಬಂಡಿ ಆನ್', 'ಬಂಡಿ ಆಫ್' ಅನ್ನುವವರಿದ್ದಾರೆ. ಫಿಲಿಪ್ಪೀನ್ಸ್‌ನಲ್ಲಿ ಹಾಜರಿ ಗಡಿಯಾರಕ್ಕೆ ಹೆಸರೇ 'ಬಂಡಿ ಕ್ಲಾಕ್'. ಸ್ಪ್ಯಾನಿಷರು 'ಫಿಚಾರ್' ಅನ್ನುತ್ತಾರೆ, ಅದರ ಬೇರು ಬಿಲ್ಲೆ. ಡಚ್ಚರ 'ಪ್ರಿಕ್‌ಕ್ಲೊಕ್' ಚುಚ್ಚುವ ಗಡಿಯಾರ. ಜರ್ಮನರದು 'ಶ್ಟೆಂಪೆಲ್ನ್', ಮುದ್ರೆ ಒತ್ತುವುದು. ಆದರೆ ಅಲ್ಲಿ 'ಮುದ್ರೆಗೆ ಹೋಗುವುದು' ಅಂದರೆ ನಿರುದ್ಯೋಗ ಭತ್ಯೆಯ ಮೇಲೆ ಬದುಕುವುದು, ಕೆಲಸ ಕಳೆದುಕೊಂಡವರು ಕಚೇರಿಗೆ ಹೋಗಿ ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳಬೇಕಿತ್ತು.

ಇಷ್ಟೆಲ್ಲ ಹೆಸರುಗಳಲ್ಲಿ ಯಾವುದೂ ಕೆಲಸ ಮಾಡುವುದನ್ನು ಸೂಚಿಸುವುದಿಲ್ಲ ಎಂಬುದನ್ನು ಗಮನಿಸಿ. ಬಿಲ್ಲೆ, ಮುದ್ರೆ, ಚುಚ್ಚು, ಗುದ್ದು. ಪಂಚ್ ಒಂದು ಚುಕ್ಕಿ. ಸಂಬಳ ಕೊಡುವುದು ಎರಡು ಚುಕ್ಕಿಯ ನಡುವಿನ ಎಳೆಗೆ. ಆ ಎಳೆಯನ್ನು ಯಂತ್ರ ನೋಡಿಲ್ಲ, ಗುಮಾಸ್ತನೋ ಸಾಫ್ಟ್‌ವೇರೋ ಆಮೇಲೆ ಕೂತು ಎಳೆದದ್ದು. ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಇಡೀ ಎಳೆ ಹೇಗೆ ಎಲ್ಲಿಗೋ ಹೋಗುತ್ತದೋ ಇಲ್ಲಿಯೂ ಹಾಗೆಯೇ. ಹಾಜರಿ ಜಗಳಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಚುಕ್ಕಿ ಇಡುವಲ್ಲಿ ಅಲ್ಲ, ಕೂಡಿಸುವಲ್ಲಿ.

ಮೂರನೇ ಪಾಳಿಯನ್ನೇ ತೆಗೆದುಕೊಳ್ಳಿ. ಬೆಳಗ್ಗೆ 6ರಿಂದ 2 ಮೊದಲ ಪಾಳಿ, 2ರಿಂದ ರಾತ್ರಿ 10 ಎರಡನೆಯದು, 10ರಿಂದ ಬೆಳಗ್ಗೆ 6 ಮೂರನೆಯದು. 14ನೇ ತಾರೀಖು ರಾತ್ರಿ 21:52ಕ್ಕೆ ಒಳಗೆ ಬಂದವನು 15ರ ಬೆಳಗ್ಗೆ 06:07ಕ್ಕೆ ಹೊರಗೆ ಹೋದ. ಮತ್ತೆ 15ರ ರಾತ್ರಿ 21:51ಕ್ಕೆ ಬಂದ. ಯಂತ್ರದ ಕಡತದಲ್ಲಿ ಇರುವುದು ಇಷ್ಟೇ, ನಂಬರು, ತಾರೀಖು, ಸಮಯ. 'ದಿನದ ಮೊದಲ ಪಂಚ್ ಒಳಗೆ, ಕೊನೆಯ ಪಂಚ್ ಹೊರಗೆ' ಎಂಬ ಸಾಮಾನ್ಯ ನಿಯಮವನ್ನು ಹಚ್ಚಿದರೆ 14ನೇ ತಾರೀಖಿಗೆ ಒಂಟಿ ಪಂಚ್, ಅಂದರೆ ಗೈರು. 15ಕ್ಕೆ 06:07ರಿಂದ 21:51, ಅಂದರೆ 15 ಗಂಟೆ 44 ನಿಮಿಷ ಕೆಲಸ! ಮನೆಯಲ್ಲಿ ಮಲಗಿದ್ದ ಹೊತ್ತಿಗೆ ಓವರ್‌ಟೈಮ್, ರಾತ್ರಿಯೆಲ್ಲ ದುಡಿದದ್ದಕ್ಕೆ ಲಾಸ್ ಆಫ್ ಪೇ, ಅಂದರೆ ಸಂಬಳ ಕಡಿತ.

ಪರಿಹಾರ ಕಷ್ಟವಲ್ಲ. ಮೂರನೇ ಪಾಳಿಯವರಿಗೆ 'ದಿನ' ಬದಲಾಗುವುದು ನಡುರಾತ್ರಿಯಲ್ಲಿ ಅಲ್ಲ, ಮಧ್ಯಾಹ್ನ 12ಕ್ಕೆ ಎಂದು ಸಾಫ್ಟ್‌ವೇರಿನಲ್ಲಿ ಇಡಬೇಕು. ಇದಕ್ಕಿಂತ ಒಳ್ಳೆಯದು ಕಿಟಕಿ ಪದ್ಧತಿ. ಪಾಳಿ ಶುರುವಿಗೆ 2 ಗಂಟೆ ಮುಂಚಿನಿಂದ ಬಂದ ಪಂಚ್ ಆ ಪಾಳಿಯ 'ಒಳಗೆ', ಮುಗಿದು 4 ಗಂಟೆಯವರೆಗಿನದು ಅದೇ ಪಾಳಿಯ 'ಹೊರಗೆ' ಎಂದು ಗೊತ್ತು ಮಾಡುವುದು. ಎರಡನೇ ಪಾಳಿ ಮುಗಿಸಿ ಹಾಗೆಯೇ ಮೂರನೆಯದಕ್ಕೂ ನಿಂತವನ ವಿಷಯದಲ್ಲಿ ಕಿಟಕಿಯೂ ಸೋಲುತ್ತದೆ, ಅವನದು ಸೂಪರ್‌ವೈಸರ್ ಬರೆದುಕೊಟ್ಟ ಚೀಟಿಯಿಂದಲೇ ಸರಿಯಾಗಬೇಕು. ಪಾಳಿ ಪಟ್ಟಿಯನ್ನು ವಾರದ ಮೊದಲೇ ಸಾಫ್ಟ್‌ವೇರಿಗೆ ಏರಿಸದ ಕಡೆ ಇವು ಯಾವುವೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಹಳೆಯ ಖಾಯಿಲೆ ದಶಮಾಂಶದ್ದು. 8 ಗಂಟೆ 30 ನಿಮಿಷವನ್ನು ನಾವು 8.30 ಎಂದು ಬರೆಯುತ್ತೇವೆ. ಕ್ಯಾಲ್ಕುಲೇಟರಿಗೆ ಅದು ಎಂಟು ಮುಕ್ಕಾಲೂ ಅಲ್ಲ ಎಂಟೂವರೆಯೂ ಅಲ್ಲ, ಎಂಟು ಮತ್ತು ನೂರರಲ್ಲಿ ಮೂವತ್ತು. ಗಂಟೆಗೆ 120 ರೂಪಾಯಿ ಕೂಲಿಯಾದರೆ ಬರಬೇಕಾದದ್ದು 8.5 × 120, ಅಂದರೆ 1,020. 8.30 ಅಂತಲೇ ಗುಣಿಸಿದರೆ 996. ದಿನಕ್ಕೆ 24 ರೂಪಾಯಿ ಮಾಯ, 26 ದಿನಕ್ಕೆ 624. ಇದನ್ನು ತಪ್ಪಿಸಲೆಂದೇ ಕೆಲವು ಹಳೆಯ ಕಾರ್ಡ್ ಗಡಿಯಾರಗಳ ನಿಮಿಷದ ಗಾಲಿಯಲ್ಲಿ 60ರ ಬದಲು 100 ಭಾಗ ಇರುತ್ತಿತ್ತು, ಏಳೂಕಾಲು ಅದರಲ್ಲಿ 7.25 ಎಂದೇ ಮೂಡುತ್ತಿತ್ತು. ಎಕ್ಸೆಲ್‌ನಲ್ಲಿ ಮಾಡುವವರು ನೆನಪಿಡಬೇಕಾದ್ದು ಎರಡು. ಅದರ ಹೊಟ್ಟೆಯಲ್ಲಿ 8:30 ಎಂಬುದು ಒಂದು ದಿನದ 0.3542 ಭಾಗ, ಕೂಲಿಯಿಂದ ಗುಣಿಸುವ ಮುಂಚೆ 24ರಿಂದ ಗುಣಿಸಿ. ವಾರದ ಗಂಟೆಗಳನ್ನು ಕೂಡಿದಾಗ 48ರ ಬದಲು 0:00 ಕಂಡರೆ ಗಾಬರಿ ಬೇಡ, 24 ದಾಟಿದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಆ ಕೋಶದ ಸಮಯ ನಮೂನೆಯಲ್ಲಿ ಗಂಟೆಯ ಅಕ್ಷರವನ್ನು ಚೌಕ ಆವರಣದಲ್ಲಿ ಇಟ್ಟರೆ ಪೂರ್ತಿ ಮೊತ್ತ ಕಾಣುತ್ತದೆ.

ಈಗ ಚುಕ್ಕಿ ಇಡುವ ಯಂತ್ರಕ್ಕೇ ಬರೋಣ. ಬೆರಳಿನ ಯಂತ್ರ ನಿಮ್ಮ ಬೆರಳಚ್ಚಿನ ಚಿತ್ರವನ್ನು ಹಾಗೆಯೇ ಹೋಲಿಸುವುದಿಲ್ಲ. ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಗುರುತಿಟ್ಟುಕೊಂಡು ಅವುಗಳ ಜೋಡಣೆಯನ್ನು ಹೋಲಿಸುತ್ತದೆ. ಸಿಮೆಂಟ್ ಕಲಸುವವರು, ಪಾತ್ರೆ ತೊಳೆಯುವವರು, ಊದುಬತ್ತಿ ಹೊಸೆಯುವವರು, ಬೀಡಿ ಕಟ್ಟುವವರು, ಬಟ್ಟೆಗೆ ಬಣ್ಣ ಹಾಕುವವರು, ಇವರ ಗೆರೆಗಳು ಸವೆದಿರುತ್ತವೆ. ಕೆಲಸ ಹೆಚ್ಚು ಮಾಡಿದಷ್ಟೂ ಯಂತ್ರಕ್ಕೆ ಗುರುತು ಸಿಗುವುದು ಕಷ್ಟ ಎಂಬ ವಿಚಿತ್ರ ನ್ಯಾಯ. ಚಳಿಗಾಲದಲ್ಲಿ ಬೆರಳು ಒಣಗಿದರೂ ಸಿಗುವುದಿಲ್ಲ, ಒದ್ದೆಯಾದರೂ ಸಿಗುವುದಿಲ್ಲ. ಹೆಸರು ಸೇರಿಸುವಾಗ ಒಂದೇ ಬೆರಳು ಕೊಟ್ಟು ಸುಮ್ಮನಾಗಬಾರದು, ಎರಡು ಕೈಯಿಂದಲೂ ಎರಡೆರಡು ಬೆರಳು ಕೊಡಬೇಕು. ಹೆಬ್ಬೆಟ್ಟಿಗಿಂತ ತೋರುಬೆರಳು, ನಡುಬೆರಳು ಗಾಜಿನ ಮೇಲೆ ಸಮವಾಗಿ ಕೂರುತ್ತವೆ. ತುದಿಯಿಂದ ಚುಚ್ಚಬಾರದು, ಉಗುರಿನ ಕೆಳಗಿನ ದಿಂಬು ಭಾಗ ಪೂರ್ತಿ ತಾಗಬೇಕು. ಗಾಜನ್ನು ಒಣ ಮೆದುಬಟ್ಟೆಯಿಂದ ದಿನಕ್ಕೊಮ್ಮೆ ಒರೆಸಬೇಕು. ಇಷ್ಟಾದರೂ ಸಿಗದವರಿಗೆ ಕಾರ್ಡೋ ಪಾಸ್‌ವರ್ಡೋ ಕೊಡುವುದೇ ಸರಿ, ದಿನಾ ಸಾಲಿನಲ್ಲಿ ನಿಲ್ಲಿಸಿ ಅವಮಾನ ಮಾಡುವುದಲ್ಲ.

ಸಾಲು ಅಂದಾಗ ಒಂದು ಲೆಕ್ಕ. 600 ಜನ, 2 ಯಂತ್ರ, ತಲೆಗೆ 4 ಸೆಕೆಂಡು. ಒಂದೊಂದು ಯಂತ್ರದ ಮುಂದೆ 300 ಜನ, 1,200 ಸೆಕೆಂಡು, ಅಂದರೆ 20 ನಿಮಿಷ. ಹತ್ತರಲ್ಲಿ ಒಬ್ಬರಿಗೆ ಬೆರಳು ಸಿಗದೆ 15 ಸೆಕೆಂಡು ಹಿಡಿದರೆ ಮತ್ತೆ ಐದೂವರೆ ನಿಮಿಷ. ಇವರಲ್ಲಿ ಕೊನೆಯವನು ಸರಿಯಾದ ಹೊತ್ತಿಗೆ ಗೇಟಿಗೆ ಬಂದಿದ್ದರೂ ಅವನ ಪಂಚ್ 25 ನಿಮಿಷ ತಡ. ಲೇಟ್ ಮಾರ್ಕ್ ಹಾಕುವ ಮುಂಚೆ ಆಡಳಿತದವರು ಈ ಗುಣಾಕಾರ ಒಮ್ಮೆ ಮಾಡಬೇಕು. ಐದು ನಿಮಿಷದಲ್ಲಿ ಎಲ್ಲರೂ ಒಳಗೆ ಹೋಗಬೇಕಾದರೆ ಇದೇ 600 ಜನಕ್ಕೆ ಕನಿಷ್ಠ ಹನ್ನೊಂದು ಯಂತ್ರ ಬೇಕು. ಎರಡಿಟ್ಟು ಶಿಸ್ತಿನ ಭಾಷಣ ಮಾಡುವವರೇ ಜಾಸ್ತಿ.

ಮುಖ ನೋಡುವ ಯಂತ್ರ ಬಂದ ಮೇಲೆ ಬೆರಳಿನ ಗೋಳು ತಪ್ಪಿತು, ಬೆಳಕಿನ ಗೋಳು ಶುರುವಾಯಿತು. ಪೂರ್ವದ ಗೇಟಿನಲ್ಲಿ ನಿಂತವರ ಬೆನ್ನಿಗೆ ಬೆಳಗಿನ ಬಿಸಿಲು ಬಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಯಂತ್ರವನ್ನು ಬಿಸಿಲಿಗೆ ಎದುರಾಗಿ ಕೂರಿಸಬಾರದು. ಇನ್ನು ಯಂತ್ರದ ಗಡಿಯಾರ. ಒಳಗಿನ ಗುಂಡಿ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದರೆ ತಾರೀಖು 2000ದ ಜನವರಿ 1ರಂಥ ಎಲ್ಲಿಗೋ ಹೋಗುತ್ತದೆ, ಆಮೇಲೆ ಬಿದ್ದ ಪಂಚ್‌ಗಳೆಲ್ಲ ಇಪ್ಪತ್ತು ಚಿಲ್ಲರೆ ವರ್ಷ ಹಿಂದಿನವು. ಕಾಲವಲಯವನ್ನು ಚೀನಾದ +8ರಲ್ಲೇ ಬಿಟ್ಟಿದ್ದರೆ ನಮ್ಮ 9 ಗಂಟೆ ಅದಕ್ಕೆ ಹನ್ನೊಂದೂವರೆ. +5:30 ಇದೆಯೇ, ಸರ್ವರಿನ ಸಮಯಕ್ಕೆ ದಿನಾ ಹೊಂದಿಸಿಕೊಳ್ಳುತ್ತಿದೆಯೇ ಎಂದು ವಾರಕ್ಕೊಮ್ಮೆ ಮೊಬೈಲಿನ ಗಡಿಯಾರದ ಜೊತೆ ಪಕ್ಕಪಕ್ಕ ಇಟ್ಟು ನೋಡಬೇಕು. ಎರಡು ಗೇಟಿನ ಯಂತ್ರಗಳಲ್ಲಿ ಮೂರು ನಿಮಿಷ ವ್ಯತ್ಯಾಸ ಇದ್ದರೆ ಜನ ಯಾವ ಗೇಟಿಗೆ ಹೋಗುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ತಡವಾದರೆ ಎಷ್ಟು ಕತ್ತರಿಸಬಹುದು? 'ಮೂರು ಲೇಟಿಗೆ ಅರ್ಧ ದಿನ' ಎಂಬುದು ನಮ್ಮಲ್ಲಿ ವೇದವಾಕ್ಯದಂತೆ ಓಡಾಡುತ್ತಿದೆ. ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ತಡವಾಗಿ ಬಂದರೆ ಅರ್ಧ ದಿನದ ಸಾಂದರ್ಭಿಕ ರಜೆ ಕಳೆಯುವ ಸೂಚನೆ ಇದೆ, ಸರಿಯಾದ ಕಾರಣವಿದ್ದರೆ ತಿಂಗಳಿಗೆ ಎರಡು ಸಲ, ಒಂದು ಗಂಟೆಯವರೆಗೆ, ಮನ್ನಿಸಬಹುದು. ಅದು ರಜೆಯ ಲೆಕ್ಕ. ಕೂಲಿಯಿಂದ ಕತ್ತರಿಸುವ ಲೆಕ್ಕ ಬೇರೆ. 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮಿನ ಪ್ರಕಾರ ಗೈರಾದ ಹೊತ್ತಿಗೆ ಅನುಪಾತದಲ್ಲಿ ಎಷ್ಟೋ ಅಷ್ಟೇ ಕತ್ತರಿಸಬಹುದಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೇ ಅಳತೆ ಉಳಿದಿದೆ. ತಿಂಗಳಿಗೆ 18,000, 26 ದಿನ, ದಿನಕ್ಕೆ 8 ಗಂಟೆ ಅಂದರೆ ಗಂಟೆಗೆ ಸುಮಾರು 86.54. ಹತ್ತು ಹತ್ತು ನಿಮಿಷದ ಮೂರು ಲೇಟು ಅರ್ಧ ಗಂಟೆ, 43 ರೂಪಾಯಿ ಚಿಲ್ಲರೆ. ಅರ್ಧ ದಿನ ಅಂದರೆ 346. ನಡುವೆ ಇರುವ 300 ರೂಪಾಯಿ ಯಾವ ಲೆಕ್ಕದಲ್ಲಿ ಹೋಯಿತು ಎಂದು ಕೇಳುವ ಹಕ್ಕು ಕೆಲಸಗಾರನಿಗೆ ಇದೆ.

ಗೈರಿನ ಇದೇ ನಿಯಮದಲ್ಲಿ ಇನ್ನೊಂದು ಮಾತಿದೆ. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ, ನೋಟಿಸ್ ಕೊಡದೆ, ತಕ್ಕ ಕಾರಣವಿಲ್ಲದೆ ಗೈರಾದರೆ ಎಂಟು ದಿನದ ಕೂಲಿಯವರೆಗೆ ಕತ್ತರಿಸಬಹುದು, ಕರಾರಿನಲ್ಲಿ ನೋಟಿಸಿನ ಷರತ್ತು ಇದ್ದರೆ. ಹಾಗೆಯೇ ಕೆಲಸದ ಜಾಗದಲ್ಲೇ ಕೂತು ಮುಷ್ಕರ ಹೂಡಿದವನು ಅಲ್ಲೇ ಇದ್ದರೂ ಕಾನೂನಿನ ಕಣ್ಣಿಗೆ ಗೈರು. ಪಂಚ್ ಬಿದ್ದಿದೆ, ಮನುಷ್ಯ ಕಣ್ಣೆದುರಿಗೇ ಇದ್ದಾನೆ, ಆದರೂ ಹಾಜರಿಲ್ಲ.

ಇದರ ತಿರುವುಮುರುವು ಬಡ್ಡಿ ಪಂಚಿಂಗ್. ಮನುಷ್ಯ ಇಲ್ಲ, ಪಂಚ್ ಇದೆ. ಇಲ್ಲಿ ಬಡ್ಡಿ ಅಂದರೆ ಸಾಲದ ಬಡ್ಡಿಯಲ್ಲ, ಇಂಗ್ಲಿಷಿನ ಗೆಳೆಯ. ಒಬ್ಬನ ಕಾರ್ಡನ್ನು ಇನ್ನೊಬ್ಬ ಹೊಡೆಯುವುದು, ನಮ್ಮಲ್ಲಿ ಪ್ರಾಕ್ಸಿ. ಬಂಡಿಯ ಕೀಲಿಕೈ ಕಾಲದಿಂದಲೂ ಇದ್ದ ಕಾಯಿಲೆ, ಬೆರಳಚ್ಚು ಬಂದದ್ದೇ ಇದಕ್ಕೆ ಮದ್ದಾಗಿ. ಸಿಲಿಕಾನ್ ಅಚ್ಚಿನ ಸುಳ್ಳು ಬೆರಳು ಅದಕ್ಕೂ ಬಂತು. ಉದ್ಯೋಗ ಖಾತ್ರಿಯಲ್ಲಿ 2021ರ ಮೇ ತಿಂಗಳಿನಲ್ಲಿ ಎನ್‌ಎಂಎಂಎಸ್ ಎಂಬ ಮೊಬೈಲ್ ಹಾಜರಿ ಆ್ಯಪ್ ತಂದು, 2023ರ ಜನವರಿ 1ರಿಂದ ಕಡ್ಡಾಯ ಮಾಡಿದರು. ಕೆರೆ ಹೂಳೆತ್ತುವ ಜಾಗದಲ್ಲಿ ಕೆಲಸದ ಉಸ್ತುವಾರಿ ನೋಡುವ ಕಾಯಕ ಬಂಧು ದಿನಕ್ಕೆ ಎರಡು ಸಲ ಎಲ್ಲರ ಫೋಟೊ ತೆಗೆದು, ಸ್ಥಳ ಮತ್ತು ಸಮಯದ ಸಮೇತ ಏರಿಸಬೇಕಿತ್ತು. ನೆಟ್‌ವರ್ಕ್ ಇಲ್ಲದ ಗುಡ್ಡದ ಮಗ್ಗುಲಲ್ಲಿ ಬೆಳಗಿನ ಕೆಲಸ ಮುಗಿಸಿದವರು ಎರಡನೇ ಫೋಟೊಗಾಗಿ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಅತ್ತ, ಕಾಗದದ ಮೇಲಿನ ಫೋಟೊವನ್ನೇ ಮತ್ತೆ ಫೋಟೊ ತೆಗೆದು ಏರಿಸಿದವರೂ ಸಿಕ್ಕಿಬಿದ್ದರು. ಮಸ್ಟರಿನಲ್ಲಿ ಇಲ್ಲದ ತಲೆ ಎಣಿಸುತ್ತಿದ್ದವರ ವಂಶ ಇನ್ನೂ ಚೆನ್ನಾಗಿಯೇ ಇದೆ.

ಕೊನೆಗೆ, ಈ ತಿಂಗಳು ನಿಮ್ಮದೇ ಒಂದು ಪಂಚ್ ಬಿದ್ದಿಲ್ಲ ಅಂತ ಇಟ್ಟುಕೊಳ್ಳಿ. ಸಂಬಳದ ಚೀಟಿ ಬರುವವರೆಗೆ ಕಾಯಬೇಡಿ. ಹೆಚ್ಚಿನ ಕಡೆ ಹಾಜರಿ ಲೆಕ್ಕ 20ರಿಂದ 25ನೇ ತಾರೀಖಿನೊಳಗೆ ಮುಚ್ಚುತ್ತದೆ, ಆಮೇಲಿನ ತಿದ್ದುಪಡಿ ಮುಂದಿನ ತಿಂಗಳಿಗೆ. ಕಂಪನಿಯ ಹಾಜರಿ ಪೋರ್ಟಲ್ ತೆರೆದು ದಿನವಾರು ನೋಡಿ, ಒಂಟಿ ಪಂಚ್ ಇರುವ ತಾರೀಖು ಗುರುತು ಮಾಡಿಕೊಳ್ಳಿ. ಆ ದಿನ ನೀವು ಅಲ್ಲಿದ್ದಿರಿ ಎನ್ನುವುದಕ್ಕೆ ಏನಿದೆ ನೋಡಿ. ಕ್ಯಾಂಟೀನ್ ಕೂಪನ್, ಕಂಪನಿ ಬಸ್ಸಿನ ಪಟ್ಟಿ, ಯಂತ್ರದ ಮುಂದೆ ನೀವು ತುಂಬಿದ ಉತ್ಪಾದನಾ ಹಾಳೆ, ಲಾಗಿನ್ ಸಮಯ, ಯಾವುದಾದರೂ ಸರಿ. ಬಿಟ್ಟುಹೋದ ಹಾಜರಿ ಸರಿಪಡಿಸಲು ಕೊಡುವ ರೆಗ್ಯುಲರೈಸ್ ಅರ್ಜಿಯಲ್ಲಿ 'ಮರೆತೆ' ಎನ್ನುವುದಕ್ಕಿಂತ ತಾರೀಖು, ಪಾಳಿ, ಯಾವ ಗೇಟು, ಒಳಗೋ ಹೊರಗೋ, ಸುಮಾರು ಎಷ್ಟು ಹೊತ್ತಿಗೆ ಎಂದು ಬಿಡಿಸಿ ಬರೆಯಿರಿ. ಅದೇ ದಿನ ಅದೇ ಗೇಟಿನಲ್ಲಿ ಇನ್ನೂ ನಾಲ್ವರದ್ದು ಬಿದ್ದಿಲ್ಲವಾದರೆ ಅವರ ನಂಬರುಗಳನ್ನೂ ಸೇರಿಸಿ, ಯಂತ್ರದ ತಪ್ಪು ಎಂಬುದು ಆಗ ತಾನಾಗಿ ಕಾಣುತ್ತದೆ. ಅರ್ಜಿ ಕಳಿಸಿದ ಮೇಲೆ ಸೂಪರ್‌ವೈಸರ್ ಒಪ್ಪಿಗೆ ಕೊಟ್ಟರೇ ಎಂದು ಎರಡು ದಿನ ಬಿಟ್ಟು ಮತ್ತೆ ನೋಡಿ. ಬಹಳ ಅರ್ಜಿಗಳು ಸಾಯುವುದು ಅವರ ಒಪ್ಪಿಗೆ ಪಟ್ಟಿಯಲ್ಲಿ, ಯಾರೂ ತಿರಸ್ಕರಿಸದೆ.